ಗೋಳವನ್ನು ಸೊನ್ನೆ-ಒಂದುಗಳಲ್ಲಿ ಬರೆದು ನೋಡಿದ್ದು

ಎಂ.ಎಸ್ಸಿ.ಯಲ್ಲಿ ಆಲ್ಜೀಬ್ರಾಯಿಕ್ ಟೋಪಾಲಜಿ, ಅಂದರೆ ಆಕಾರಗಳನ್ನು ಬೀಜಗಣಿತದಿಂದ ಅಳೆಯುವ ಗಣಿತ, ತಗೊಂಡಿದ್ದೆ. ಪಾಸೂ ಆದೆ. ಆದರೆ ಒಂದು ವಿಷಯ ಗಂಟಲಿನ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಮೂರು ಆಯಾಮದ ಗೋಳದಿಂದ ನಮ್ಮ ಮಾಮೂಲಿ ಗೋಳಕ್ಕೆ, ಅಂದರೆ ಚೆಂಡಿನ ಮೇಲ್ಮೈಗೆ, ಒಂದು ಮ್ಯಾಪ್ ಇದೆ, ಅದನ್ನು ಎಷ್ಟು ಎಳೆದಾಡಿದರೂ ಒಂದು ಬಿಂದುವಿಗೆ ಕುಗ್ಗಿಸೋಕೆ ಆಗಲ್ಲ. 1931ರಲ್ಲಿ ಹೈನ್ಸ್ ಹಾಪ್ಫ್ ತೋರಿಸಿಕೊಟ್ಟದ್ದು. ಎಳೆದಾಡಿ ಒಂದನ್ನು ಇನ್ನೊಂದು ಮಾಡಬಹುದಾದ ಮ್ಯಾಪ್‌ಗಳನ್ನು ಒಂದೇ ಅಂತ ಎಣಿಸಿ, ಇಂಥವನ್ನೆಲ್ಲ ಲೆಕ್ಕ ಹಾಕಿದರೆ ಒಂದು ಗ್ರೂಪ್ (ಗುಣಿಸೋಕೂ ವಿಲೋಮ ತೆಗೆಯೋಕೂ ಬರುವ ಗಣ) ಸಿಗುತ್ತದೆ, ಅದೇ ಗೋಳದ 3ನೇ ಹೋಮೋಟೋಪಿ ಗ್ರೂಪ್. ಅದು ಪೂರ್ಣಾಂಕಗಳ ಗ್ರೂಪ್. ಎಕ್ಸಾಮಿನಲ್ಲಿ ಇದರ ಪ್ರೂಫ್ ಬರೆದಿದ್ದೆ, ಮಾರ್ಕ್ಸೂ ಬಂತು. ಆದರೆ ಆ ಮ್ಯಾಪನ್ನು ಕೈಯಲ್ಲಿ ಮುಟ್ಟಿದ ಹಾಗೆ ಯಾವತ್ತೂ ಅನಿಸಿರಲಿಲ್ಲ.

ಆಮೇಲೆ ಕೋಡಿಂಗ್ ಕೆಲಸ ಸಿಕ್ಕಿತು, ಗಣಿತ ಸಂಜೆಯ ಪಾಲಾಯಿತು. ಆ ಸಂಜೆಗಳಲ್ಲೇ ಸಿಂಪ್ಲಿಶಿಯಲ್ ಗ್ರೂಪ್ ಕಲಿತದ್ದು, ಯಾರೂ ಹೇಳಿಕೊಡದೆ, ಜಾಸ್ತಿ ತಪ್ಪು ಮಾಡಿಕೊಂಡು. ಅದರ ಕಥೆ ಇದು.

ವ್ಯಾಖ್ಯೆ ಏನೂ ದೊಡ್ಡದಲ್ಲ. 0, 1, 2, 3 ಹೀಗೆ ಪ್ರತಿ ಆಯಾಮಕ್ಕೂ ಒಂದೊಂದು ಗ್ರೂಪ್. ಮೇಲಿನಿಂದ ಕೆಳಗಿಳಿಸುವ ಫೇಸ್ ಮ್ಯಾಪ್‌ಗಳು, ಕೆಳಗಿನಿಂದ ಮೇಲೇರಿಸುವ ಡಿಜೆನರಸಿ ಮ್ಯಾಪ್‌ಗಳು, ಎಲ್ಲವೂ ಹೋಮೋಮಾರ್ಫಿಸಂ, ಅಂದರೆ ಗುಣಾಕಾರ ಕೆಡಿಸದ ಮ್ಯಾಪ್. ಜೊತೆಗೆ ಇವು ಒಂದರ ಮೇಲೊಂದು ಹೇಗೆ ಕೂರಬೇಕು ಅನ್ನುವ ಐದು ಸಮೀಕರಣ. ನಾನು ಮೊದಲ ವಾರ ಮಾಡಿದ್ದು ಆ ಐದನ್ನೂ ಬಾಯಿಪಾಠ. ದಂಡ. ಮಾರನೇ ದಿನಕ್ಕೆ ಯಾವ ಸಬ್‌ಸ್ಕ್ರಿಪ್ಟಿಗೆ ಒಂದು ಕೂಡಬೇಕು, ಯಾವುದರಿಂದ ಕಳೀಬೇಕು ಅಂತ ಮತ್ತೆ ಗೊಂದಲ.

ಬಿಡಿಸಿದ್ದು ಒಂದು ಸಣ್ಣ ಉಪಾಯ. ವೃತ್ತ ಅಂದರೆ ಎರಡೂ ತುದಿ ಅಂಟಿಸಿದ ಒಂದು ಗೆರೆ, ಅಲ್ವಾ? ಗೆರೆಯ ತುದಿಗಳಿಗೆ 0 ಮತ್ತು 1 ಅಂತ ಹೆಸರಿಟ್ಟರೆ ಅದರ ಎಲ್ಲ ಸಿಂಪ್ಲೆಕ್ಸ್‌ಗಳೂ (ಬಿಂದು, ಗೆರೆ, ತ್ರಿಕೋನದಂಥ ತುಂಡುಗಳು, ಮಡಿಸಿ ಕುಗ್ಗಿಸಿದವೂ ಸೇರಿ) ಸಾಲುಗಳಾಗಿಬಿಡುತ್ತವೆ: ಮೊದಲು ಸೊನ್ನೆಗಳು, ಆಮೇಲೆ ಒಂದುಗಳು. ಒಂದನೇ ಆಯಾಮದಲ್ಲಿ 01. ಎರಡನೆಯದರಲ್ಲಿ 001, 011. ಮೂರನೆಯದರಲ್ಲಿ 0001, 0011, 0111. ಬರೀ ಸೊನ್ನೆಯ ಅಥವಾ ಬರೀ ಒಂದರ ಸಾಲು ಬೇಸ್ ಪಾಯಿಂಟ್, ಅಂದರೆ ತುದಿಗಳು ಅಂಟಿದ ಬಿಂದು. ಫೇಸ್ ಅಂದರೆ ಒಂದು ಅಂಕಿ ಅಳಿಸೋದು, ಡಿಜೆನರಸಿ ಅಂದರೆ ಒಂದು ಅಂಕಿಯನ್ನು ಎರಡು ಸಲ ಬರೆಯೋದು. ಎಣಿಕೆ ಮಾತ್ರ 0ಯಿಂದ ಶುರು. ಅಷ್ಟೇ, ಐದು ಸಮೀಕರಣವೂ ಕಣ್ಣೆದುರಿಗೆ ಬಂದವು. ಎರಡು ಸಲ ಬರೆದು ಒಂದನ್ನು ಅಳಿಸಿದರೆ ಮೊದಲಿದ್ದದ್ದೇ ಉಳಿಯುತ್ತದೆ, ಇದಕ್ಕೆ ಬಾಯಿಪಾಠ ಯಾಕೆ ಬೇಕು?

ಮುಂದಿನ ಮೆಟ್ಟಿಲಲ್ಲಿ ಚೆನ್ನಾಗಿ ಜಾರಿದೆ. ತ್ರಿಕೋನದ ಮೂರು ಅಂಚಿನಲ್ಲಿ ಎರಡು ಕೊಟ್ಟರೆ ಮೂರನೆಯದನ್ನೂ ಒಳಗನ್ನೂ ತುಂಬೋಕೆ ಆಗಬೇಕು, ಮೇಲಿನ ಆಯಾಮಗಳಲ್ಲೂ ಇದೇ ರೀತಿ. ಹೋಮೋಟೋಪಿ ಲೆಕ್ಕ ಸಲೀಸಾಗಿ ನಡೆಯೋದು ಇದಿದ್ದರೆ ಮಾತ್ರ. ಡೇನಿಯಲ್ ಕಾನ್ ಹೆಸರಿನಲ್ಲಿ ಕಾನ್ ಕಂಡೀಷನ್ ಅನ್ನುತ್ತಾರೆ. ಎಲ್ಲ ಸಿಂಪ್ಲಿಶಿಯಲ್ ಸೆಟ್‌ಗಳಿಗೂ (ಪ್ರತಿ ಆಯಾಮದಲ್ಲಿ ಗ್ರೂಪ್ ಬದಲು ಬರೀ ಗಣ ಇರುವಂಥವು) ಇದು ಇರಲ್ಲ, ಆದರೆ ಸಿಂಪ್ಲಿಶಿಯಲ್ ಗ್ರೂಪ್ ಆದರೆ ತಾನಾಗಿಯೇ ಬರುತ್ತದೆ. ಜಾನ್ ಮೂರ್ 1954-55ರ ಹೊತ್ತಿಗೇ ಇದನ್ನು ತೋರಿಸಿದ್ದರು. ಪ್ರೂಫ್ ಓದದೆ ನಾನೇ ಮಾಡ್ತೀನಿ ಅಂತ ಕೂತೆ.

ಕೊಟ್ಟ ಎರಡು ಅಂಚು ಪ ಮತ್ತು ಬ ಅನ್ನೋಣ. ಹುಡುಕುತ್ತಿರುವ ತ್ರಿಕೋನದ 1ನೇ ಫೇಸ್ ಪ ಆಗಬೇಕು, 2ನೇ ಫೇಸ್ ಬ ಆಗಬೇಕು. ನಾನು ಮೊದಲು ಪ ಸರಿಮಾಡಿಕೊಂಡೆ, ಆಮೇಲೆ ಬ ಸರಿಮಾಡಲು ಏನನ್ನೋ ಗುಣಿಸಿದೆ. ಪ ಕೆಟ್ಟಿತು. ಅದನ್ನು ತಿದ್ದಿದರೆ ಬ ಕೆಟ್ಟಿತು. ಚಿಕ್ಕ ಕಂಬಳಿ ಹೊದ್ದ ಹಾಗೆ, ತಲೆಗೆ ಎಳೆದರೆ ಕಾಲಿಗಿಲ್ಲ. ಮೂರು ಸಂಜೆ ಹೋದ ಮೇಲೆ ಸುಮ್ನೆ ಕ್ರಮ ತಿರುಗಿಸಿದೆ. ಮೊದಲು ಬ ತಗೊಂಡು 1ನೇ ಜಾಗದ ಅಂಕಿಯನ್ನು ಎರಡು ಸಲ ಬರೆದೆ. ಈಗ 1ನೇ ಫೇಸೂ ಬ, 2ನೇ ಫೇಸೂ ಬ. 2ನೆಯದು ಸರಿ ಇದೆ. 1ನೆಯದರಲ್ಲಿ ತಪ್ಪು ಎಷ್ಟು? ಸರಿಯಾಗಿ ಬ⁻¹ಪ. ಅದನ್ನು 0ನೇ ಜಾಗದಲ್ಲಿ ಡಬಲ್ ಮಾಡಿ ಬಲಕ್ಕೆ ಗುಣಿಸಿದರೆ 1ನೇ ಫೇಸ್ ಪ ಆಗುತ್ತದೆ. 2ನೇ ಫೇಸಿಗೆ ಏನೂ ಆಗಲ್ಲ, ಯಾಕಂದರೆ ಪ ಮತ್ತು ಬ ಒಂದೇ ಬಿಂದುವಿನಲ್ಲಿ ಸೇರುವ ಅಂಚುಗಳು, ಅಲ್ಲಿ ಬ⁻¹ಪ ಮಾಯವಾಗುತ್ತದೆ. ಗ್ರೂಪ್ ಯಾಕೆ ಬೇಕು ಅಂತ ನನಗೆ ಗೊತ್ತಾಗಿದ್ದು ಆವತ್ತು. ತಪ್ಪು ಎಷ್ಟು ಅಂತ ಅಳೆಯೋಕೆ ವಿಲೋಮ ಬೇಕು. ವಿಲೋಮ ಇಲ್ಲದ ಕಡೆ ತಪ್ಪಾಗಿದೆ ಅಂತ ಹೇಳಬಹುದು, ಇಷ್ಟು ತಪ್ಪಾಗಿದೆ ಅಂತ ಹೇಳೋಕೆ ಆಗಲ್ಲ.

ಇನ್ನು ಗೋಳ. ಜಾನ್ ಮಿಲ್ನರ್ 1956ರಲ್ಲಿ ಒಂದು ಟಿಪ್ಪಣಿ ಬರೆದಿದ್ದರು, ಅದು ಅಚ್ಚಾಗಿದ್ದು 1972ರಲ್ಲಿ. ಹೇಳುವುದು ಇಷ್ಟು: ಕನೆಕ್ಟೆಡ್ ಆದ, ಅಂದರೆ ಒಂದೇ ತುಂಡಾಗಿರುವ, ಒಂದು ಸಿಂಪ್ಲಿಶಿಯಲ್ ಸೆಟ್ ತಗೊಳ್ಳಿ, ಪ್ರತಿ ಆಯಾಮದಲ್ಲೂ ಅದರ ಸಿಂಪ್ಲೆಕ್ಸ್‌ಗಳನ್ನು ಅಕ್ಷರಗಳ ಹಾಗೆ ಇಟ್ಟುಕೊಂಡು ಫ್ರೀ ಗ್ರೂಪ್ (ಆ ಅಕ್ಷರಗಳೂ ಅವುಗಳ ವಿಲೋಮಗಳೂ ಸೇರಿದ ಪದಗಳ ಗ್ರೂಪ್) ಕಟ್ಟಿ, ಬೇಸ್ ಪಾಯಿಂಟನ್ನು ಖಾಲಿ ಪದ ಅಂತ ಲೆಕ್ಕಕ್ಕಿಡಿ. ಬಂದದ್ದು ಆ ಸ್ಪೇಸಿನ ಸಸ್ಪೆನ್ಷನ್ನಿನ (ಮೇಲೊಂದು, ಕೆಳಗೊಂದು ತುದಿಗೆ ಎಳೆದು ಕಟ್ಟಿದ ರೂಪದ) ಲೂಪ್ ಸ್ಪೇಸ್, ಅಂದರೆ ಅದರಲ್ಲಿ ಹೊರಟ ಬಿಂದುವಿಗೇ ವಾಪಸ್ ಬರುವ ದಾರಿಗಳ ಸ್ಪೇಸ್. ಲೂಪ್‌ಗಳಿಗೆ ಹೋದರೆ ಹೋಮೋಟೋಪಿ ಗ್ರೂಪಿನ ಸಂಖ್ಯೆ ಒಂದು ಕಮ್ಮಿಯಾಗುತ್ತದೆ. ವೃತ್ತದ ಸಸ್ಪೆನ್ಷನ್ ಗೋಳ ತಾನೇ. ಹಾಗಾಗಿ ನನ್ನ ಸೊನ್ನೆ-ಒಂದರ ಸಾಲುಗಳಿಂದ ಫ್ರೀ ಗ್ರೂಪ್ ಕಟ್ಟಿದರೆ ಅದರ 2ನೇ ಹೋಮೋಟೋಪಿ ಗ್ರೂಪೇ ಗೋಳದ 3ನೆಯದು. ಕಾನ್ ಇನ್ನೂ ಮುಂದೆ ಹೋಗಿ, ಯಾವ ಕನೆಕ್ಟೆಡ್ ಸ್ಪೇಸ್ ಕೊಟ್ಟರೂ ಅದರ ಲೂಪ್‌ಗಳನ್ನು ಹೀಗೆ ಫ್ರೀ ಗ್ರೂಪ್‌ಗಳಲ್ಲಿ ಬರೆಯಬಹುದು ಅಂತ ತೋರಿಸಿದರು. ಟೋಪಾಲಜಿಯ ಪ್ರಶ್ನೆ ಪದಗಳ ಲೆಕ್ಕವಾಯಿತು.

ನಾನು ಕೋಡಿಂಗ್ ಮನುಷ್ಯ, ನೇರ ಪೈಥಾನ್ ತೆರೆದೆ. ಹೋಮೋಟೋಪಿ ಗ್ರೂಪ್ ಸಿಗೋದು ಎಲ್ಲ ಫೇಸ್‌ಗಳಲ್ಲೂ ಖಾಲಿಯಾಗುವ ಪದಗಳಿಂದ. ಎರಡನೇ ಆಯಾಮದಲ್ಲಿ ಅಂಥವನ್ನು ಹುಡುಕಿ ಅವುಗಳ ಜನರೇಟರ್ (ಮಿಕ್ಕವನ್ನೆಲ್ಲ ಹುಟ್ಟಿಸುವ ಪದ) ಪಟ್ಟಿ ಮಾಡು ಅಂತ ಪ್ರೋಗ್ರಾಂ ಬರೆದೆ. ರಾತ್ರಿ ಓಡೋಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಮೆಮೊರಿ ತುಂಬಿ ಲ್ಯಾಪ್‌ಟಾಪ್ ಹ್ಯಾಂಗ್. ಎರಡು ವಾರ ಕೋಡಿನಲ್ಲಿ ಬಗ್ ಹುಡುಕಿದೆ. ಬಗ್ ಇರಲಿಲ್ಲ. ಕೊನೆಗೆ ಪೆನ್ನು ಹಿಡಿದಾಗ ಹತ್ತು ನಿಮಿಷದಲ್ಲಿ ಕಾರಣ ಗೊತ್ತಾಯಿತು.

001ಕ್ಕೆ ಕ ಅನ್ನೋಣ, 011ಕ್ಕೆ ಗ. 0ನೇ ಫೇಸಿನಲ್ಲಿ ಕ ಹೋಗಿ 01 ಆಗುತ್ತದೆ, ಗ ಖಾಲಿ. 1ನೆಯದರಲ್ಲಿ ಎರಡೂ 01. 2ನೆಯದರಲ್ಲಿ ಕ ಖಾಲಿ, ಗ ಉಳಿದು 01. ಮೂರರಲ್ಲೂ ಖಾಲಿಯಾಗಬೇಕಾದರೆ ಪದದಲ್ಲಿ ಕ ಎಷ್ಟು ಸಲ ಬಂದಿದೆಯೋ ಕ⁻¹ ಅಷ್ಟೇ ಸಲ ಬರಬೇಕು, ಗ ಕೂಡ ಹಾಗೇ. ಅಂದರೆ ಅದು ಎರಡು ಅಕ್ಷರದ ಫ್ರೀ ಗ್ರೂಪಿನ ಕಾಮ್ಯುಟೇಟರ್ ಸಬ್‌ಗ್ರೂಪ್. ಎರಡು ಪದ ಅ, ಆ ಇದ್ದರೆ ಅವುಗಳ ಕಾಮ್ಯುಟೇಟರ್ [ಅ, ಆ] ಅಂದರೆ ಅಆಅ⁻¹ಆ⁻¹; ಇಂಥವುಗಳಿಂದ ಹುಟ್ಟಿದ್ದು ಆ ಸಬ್‌ಗ್ರೂಪ್. ಅದಕ್ಕೆ ಜನರೇಟರ್‌ಗಳು ಅನಂತ! ನನ್ನ ಪ್ರೋಗ್ರಾಂ ಪ್ರಾಮಾಣಿಕವಾಗಿ ಅನಂತದ ಪಟ್ಟಿ ಮಾಡುತ್ತಾ ಕೂತಿತ್ತು, ಪಾಪ.

ಅದರಲ್ಲಿ ಎಲ್ಲಕ್ಕಿಂತ ಸಣ್ಣ ಪದ ಕಗಕ⁻¹ಗ⁻¹, ಅಂದರೆ [ಕ, ಗ]. ನಾಲ್ಕೇ ಅಕ್ಷರ. ಇದೇ ಹಾಪ್ಫ್ ಮ್ಯಾಪ್. ಎಂ.ಎಸ್ಸಿ.ಯಲ್ಲಿ ಮುಟ್ಟೋಕೆ ಸಿಗದೇ ಹೋದದ್ದು.

ಇದು ಸುಮ್ಮನೆ ಕರಗಿ ಹೋಗಲ್ಲ ಅಂತ ತಿಳಿಯೋಕೆ ಮೂರನೇ ಆಯಾಮದಿಂದ ಕೆಳಗಿಳಿಯುವ ಬೌಂಡರಿಗಳು ಯಾವುವು ಅಂತ ನೋಡಬೇಕು. ಮೇಲಿನ ಆಯಾಮದ ಪದವೊಂದು ಉಳಿದೆಲ್ಲ ಫೇಸ್‌ಗಳಲ್ಲಿ ಖಾಲಿಯಾದರೆ ಅದರ 0ನೇ ಫೇಸೇ ಬೌಂಡರಿ; ಹೋಮೋಟೋಪಿ ಗ್ರೂಪಿನಲ್ಲಿ ಅದಕ್ಕೆ ಖಾಲಿ ಪದದ ಬೆಲೆಯೇ. 0001, 0011, 0111ಕ್ಕೆ ತ, ದ, ನ ಅನ್ನೋಣ. [[ತ, ತದ⁻¹], ದನ⁻¹] ಅನ್ನುವ ಪದ ತಗೊಳ್ಳಿ. 3ನೇ ಫೇಸಿನಲ್ಲಿ ತ ಖಾಲಿ, 2ರಲ್ಲಿ ತ ಮತ್ತು ದ ಒಂದೇ, 1ರಲ್ಲಿ ದ ಮತ್ತು ನ ಒಂದೇ. ಮೂರರಲ್ಲೂ ಪದ ಖಾಲಿ. ಉಳಿದ 0ನೇ ಫೇಸ್ [[ಕ, ಕಗ⁻¹], ಗ], ಹಾಗಾಗಿ ಇದು ಬೌಂಡರಿ. ಕಾಮ್ಯುಟೇಟರ್ ಒಳಗೆ ಕಾಮ್ಯುಟೇಟರ್. ಕೊನೆಗೆ ಲೆಕ್ಕ ನಿಲ್ಲುವುದೂ ಅಲ್ಲೇ: ಇಂಥ ಮೂರು ಪದರದ ಕಾಮ್ಯುಟೇಟರ್‌ಗಳಿಂದ ಹುಟ್ಟಿದ್ದೆಲ್ಲ ಬೌಂಡರಿ, ಬೇರೆ ಯಾವುದೂ ಅಲ್ಲ. ಫ್ರೀ ಗ್ರೂಪನ್ನು ಇವುಗಳಿಂದ ಭಾಗಿಸಿದರೆ ಉಳಿಯುವುದು ಹೈಸನ್‌ಬರ್ಗ್ ಗ್ರೂಪ್, ಅಂದರೆ ಕರ್ಣದಲ್ಲಿ 1, ಅದರ ಮೇಲೆ ಪೂರ್ಣಾಂಕ, ಕೆಳಗೆ ಸೊನ್ನೆ ಇರುವ 3×3 ಮ್ಯಾಟ್ರಿಕ್ಸ್‌ಗಳು. [ಕ, ಗ] ಅದರಲ್ಲಿ ಬಲಗಡೆ ಮೇಲಿನ ಮೂಲೆಯಲ್ಲಿ ಕೂತ ಒಂದು 1. ಆ ಮೂಲೆಯ ಸಂಖ್ಯೆಯೇ ಗೋಳದ 3ನೇ ಹೋಮೋಟೋಪಿ ಗ್ರೂಪ್. ನನಗಂತೂ ಹಾಪ್ಫ್ ಮ್ಯಾಪನ್ನು ತೋರಿಸೋಕೆ ಬರೆಯುವ, ಉಂಗುರಗಳು ಒಂದಕ್ಕೊಂದು ಸಿಕ್ಕಿಕೊಂಡ ಆ ಸುಂದರ ಚಿತ್ರಗಳಿಗಿಂತ ಈ ಮ್ಯಾಟ್ರಿಕ್ಸ್ ಹೆಚ್ಚು ಇಷ್ಟ.

ಧೈರ್ಯ ಬಂದು ಮುಂದಿನದಕ್ಕೆ ಕೈ ಹಾಕಿದೆ. ಗೋಳದ 4ನೇ ಗ್ರೂಪಿನಲ್ಲಿ ಎರಡೇ ಅಂಶ ಅಂತ ಪುಸ್ತಕದಿಂದ ಗೊತ್ತಿತ್ತು, ಆ ಖಾಲಿಯಲ್ಲದ್ದು ಯಾವ ಪದ ಅಂತ ನೋಡಬೇಕಿತ್ತು. [ಕ, ಗ]ದಲ್ಲಿ 0ನೇ ಜಾಗ ಡಬಲ್ ಮಾಡಿದರೆ [ತ, ದ]. 1ನೆಯದು ಮಾಡಿದರೆ [ತ, ನ]. ಎರಡರ ಕಾಮ್ಯುಟೇಟರ್ [[ತ, ದ], [ತ, ನ]]. ಫೇಸ್ ಪರೀಕ್ಷೆ ಮಾಡಿ: 0ರಲ್ಲಿ ನ ಖಾಲಿ, 1ರಲ್ಲಿ ಎರಡು ಭಾಗವೂ ಒಂದೇ, 2ರಲ್ಲಿ [ತ, ದ] ಖಾಲಿ, 3ರಲ್ಲಿ ತ ಖಾಲಿ. ನಾಲ್ಕೂ ಪಾಸ್.

ಎರಡೇ ಅಂಶ ಅಂದ ಮೇಲೆ ಇದನ್ನು ಇದರಿಂದಲೇ ಗುಣಿಸಿದರೆ ಬೌಂಡರಿ ಬರಬೇಕು. ಅದು ಯಾಕೆ ಹಾಗಾಗುತ್ತದೆ ಅಂತ ತಿಳಿಯೋಕೆ ಇನ್ನೊಂದು ತಿಂಗಳು ಬೇಕಾಯಿತು. ವೃತ್ತದ ಬದಲು ಅಂಚೆಲ್ಲ ಒಂದು ಬಿಂದುವಿಗೆ ಅಂಟಿಸಿದ ತ್ರಿಕೋನ ಇಟ್ಟುಕೊಂಡೆ. ಆ ತ್ರಿಕೋನವನ್ನು [ಕ, ಗ]ಕ್ಕೆ ಕಳಿಸಿದರೆ ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಬರುತ್ತದೆ. ಅದರ 0, 1, 2ನೇ ಜಾಗ ಡಬಲ್ ಮಾಡಿದರೆ ಮೂರನೇ ಆಯಾಮದಲ್ಲಿ ಮೂರು ಅಕ್ಷರ, ಮ, ಯ, ರ. ಮ ಹೋಗುವುದು [ತ, ದ]ಕ್ಕೆ, ಯ [ತ, ನ]ಕ್ಕೆ, ಹಾಗಾಗಿ ನೋಡಬೇಕಾದದ್ದು [ಮ, ಯ]. ಮೂರು ಮತ್ತು ಅದಕ್ಕಿಂತ ಹೆಚ್ಚು ಪದರದ ಕಾಮ್ಯುಟೇಟರ್‌ಗಳು ಈ ಆಯಾಮದ ಉತ್ತರಕ್ಕೆ ಏನೂ ಸೇರಿಸಲ್ಲ, ಎಡ್ವರ್ಡ್ ಕರ್ಟಿಸ್ 1965ರಲ್ಲಿ ಕೊಟ್ಟ ದಾರಿ ಇದು, ಹಾಗಾಗಿ ಎರಡು ಪದರದವು ಮಾತ್ರ ಸಾಕು. ನಾಲ್ಕನೇ ಆಯಾಮದಿಂದ ಮೂರೇ ಬೌಂಡರಿ ಬರುತ್ತವೆ. ಒಂದು [ಮ, ರ]ವನ್ನು ಖಾಲಿ ಮಾಡುತ್ತದೆ. ಅದಾದ ಮೇಲೆ ಇನ್ನೊಂದು [ಯ, ರ] ಅಂದರೆ [ಮ, ಯ]ದ ವಿಲೋಮ ಅನ್ನುತ್ತದೆ. ಮೂರನೆಯದು, ಇಲ್ಲ, [ಯ, ರ] ಅಂದರೆ [ಮ, ಯ]ವೇ ಅನ್ನುತ್ತದೆ. ಎರಡೂ ನಿಜ ಆಗಬೇಕಾದರೆ [ಮ, ಯ] ತನ್ನ ವಿಲೋಮವೇ ಆಗಬೇಕು, ಅಂದರೆ ಅದನ್ನು ಅದರಿಂದಲೇ ಗುಣಿಸಿದರೆ ಖಾಲಿ.