ಗಾರೆ ಹಾಕದೆ ಎಬ್ಬಿಸಿದ ಮೂರು ಮೀಟರ್ ಗೋಡೆ

ಎರಡು ಮಳೆಗಾಲ ಕಳೆಯಿತು, ಗೋಡೆ ಅಲ್ಲಾಡಿಲ್ಲ. ‘ಒಳಗಾದರೂ ಸಿಮೆಂಟ್ ಹಾಕಿ, ಇಲ್ಲಾಂದ್ರೆ ನಿಲ್ಲಲ್ಲ’ ಅಂದವರು ಬಹಳ ಜನ. ಈಗ ಧೈರ್ಯವಾಗಿ ಬರೆಯಬಹುದು.

ಜಾಗ ಜಿಂಬಾಬ್ವೆಯ ಮಸ್ವಿಂಗೊ ಹತ್ತಿರದ ಗ್ರೇಟ್ ಜಿಂಬಾಬ್ವೆ, ಕಲ್ಲಲ್ಲಿ ಕಟ್ಟಿದ ಹಳೇ ನಗರದ ಅವಶೇಷ. ನಮ್ಮ ಹಂಪಿಯ ಹಾಗೆ ಇದೂ 1986ರಲ್ಲೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು. ಕಣಿವೆ ಭಾಗದಲ್ಲಿ ಕುಸಿದಿದ್ದ ಮೂರು ಮೀಟರ್ ಗೋಡೆ ನಮ್ಮ ಪಾಲಿಗೆ ಬಂತು. ಅಲ್ಲಿನ ದೊಡ್ಡ ಆವರಣದ ಹೊರಗೋಡೆಯ ಸುತ್ತಳತೆ ಸುಮಾರು 250 ಮೀಟರ್, ಎತ್ತರ ಕೆಲವು ಕಡೆ 11 ಮೀಟರ್. ಒಂದು ಹಿಡಿ ಗಾರೆ ಇಲ್ಲದೆ ಆರೇಳು ನೂರು ವರ್ಷದಿಂದ ನಿಂತಿದೆ. ದಿನಾ ಅದನ್ನು ನೋಡಿಕೊಂಡು ಸಿಮೆಂಟ್ ಕಲಸೋಕೆ ಮನಸ್ಸಾದರೂ ಹೇಗೆ ಬರುತ್ತೆ?

ಮೊದಲು ಸ್ಮಾರಕದಿಂದ ದೂರದಲ್ಲಿ ಒಂದು ಗೋಡೆ ಕಟ್ಟಿ ನೋಡಿದೆವು. ಹೊರಮುಖ ಚೆಂದ ಬಂತು. ಒಳಗೆ ಮಾತ್ರ ಚಕ್ಕೆ, ಮಣ್ಣು ಬುಟ್ಟಿಯಲ್ಲಿ ಸುರಿದಿದ್ದೆವು. ಡಿಸೆಂಬರ್ ಮಳೆಗೆ ಮಣ್ಣೆಲ್ಲ ಕೆಳಗಿಳಿದು, ಸೊಂಟದೆತ್ತರದಲ್ಲಿ ಗೋಡೆ ಹೊಟ್ಟೆ ಬಿಟ್ಟಿತು. ಜನವರಿಯಲ್ಲಿ ಬಿತ್ತು. ಕೂಲಿ, ಸಾಗಣೆ ಸೇರಿ 900 ಡಾಲರ್ ಹತ್ತಿರ ಹೋಯಿತು. ಅರ್ಧ ನನ್ನ ಜೇಬಿಂದಲೇ.

ಜೊತೆಗಿದ್ದ ಹಿರಿಯ ಮೇಸ್ತ್ರಿಯನ್ನು ನಾವೆಲ್ಲ ಸೆಕುರು ಅಂತಿದ್ದೆವು, ಶೋನಾ ಭಾಷೆಯಲ್ಲಿ ಅಜ್ಜ ಅಂತ. ಅವರು ರಾಶಿಯಿಂದ ಒಂದು ಕಲ್ಲೆತ್ತಿದರು. ಮುಖ ಅಗಲ, ಬಾಲ (ಗೋಡೆಯೊಳಕ್ಕೆ ಹೋಗುವ ಭಾಗ) ಗಿಡ್ಡ. ‘ಇದು ಒಳಗೆ ಏನನ್ನು ಹಿಡ್ಕೊಳ್ಳುತ್ತೆ?’ ಅಂದರು.

ಆಮೇಲೆ ಒಳಗಿನ ಕಲ್ಲನ್ನೂ ಕೈಯಲ್ಲೇ ಕೂರಿಸಿದೆವು. ಉದ್ದನೆಯವು ಬಾಲ ಒಳಗೆ ಹೋಗುವ ಹಾಗೆ, ಮಣ್ಣು ಒಂದಿಷ್ಟೂ ಇಲ್ಲ. ದಿನಕ್ಕೆ ಎರಡು ವರಸೆ ಆದರೆ ಅದೇ ಜಾಸ್ತಿ. ಎಷ್ಟು ಒಳಕ್ಕೆ ವಾಲಿಸಿದೆವು, ಮೂಲೆ ಕಲ್ಲನ್ನು ಹೇಗೆ ಆರಿಸಿದೆವು ಅನ್ನೋದು ಸೆಕುರು ಕಲಿಸಿದ್ದು. ಅದನ್ನಿಲ್ಲಿ ಬರೆಯಲ್ಲ.

ಬಿದ್ದ ಕಲ್ಲಿಗೆ ಸೀಮೆಸುಣ್ಣದಲ್ಲಿ ನಂಬರ್ ಹಾಕಿದ್ದು ಒಂದೇ ಮಳೆಗೆ ಅಳಿಸಿಹೋಯಿತು. ಹಳೇ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಂದೊಂದೇ ಹೊಂದಿಸಿದೆವು. ನೂರಲ್ಲಿ ಎಂಬತ್ತಾದರೂ ತನ್ನ ಜಾಗಕ್ಕೇ ಮರಳಿತು.

ನಡುವೆ ಇನ್ನೊಂದು ಹುಚ್ಚು: ಬೇರೆ ಕಡೆಯ ಗ್ರಾನೈಟ್ ಬಂಡೆ ಮೇಲೆ ಬೆಂಕಿ ಹಾಕಿ, ಕಾದ ಮೇಲೆ ನೀರು ಸುರಿದೆವು. ಟಪ್ ಅಂತ ಅರ್ಧ ಗೇಣು ದಪ್ಪದ ಹಾಳೆ ಎದ್ದಿತು! ಸೌದೆ ಖರ್ಚು ಜಾಸ್ತಿ, ಆದರೂ ಆ ಸದ್ದು ಕೇಳಿದ್ದಕ್ಕೆ ನನಗೆ ಬೇಸರವಿಲ್ಲ.

ಹೊಸ ಗೋಡೆ ಹಳೆಯದಕ್ಕೆ ಸೇರುವ ಜಾಗದಲ್ಲಿ ತೆಳು ಗಾಜಿನ ಪಟ್ಟಿ ಅಂಟಿಸಿದ್ದೆ. ಕಲ್ಲು ಸರಿದರೆ ಅದು ಒಡೆಯಬೇಕು. ಮೊನ್ನೆ ಮಾರ್ಚ್‌ನಲ್ಲಿ ಬೆರಳಿಂದ ಧೂಳು ಒರೆಸಿ ನೋಡಿದೆ, ಒಂದು ಗೆರೆಯೂ ಬಿದ್ದಿಲ್ಲ.