ಕಸ್ಟರ್ಡ್ ಒಡೆಯದಂತೆ, ಆಮೇಲೆ ನೀರಾಗದಂತೆ

ಡಬ್ಬಿಯ ಪುಡಿ ಇಲ್ಲದೆ ಮೊಟ್ಟೆಯಿಂದಲೇ ಕಸ್ಟರ್ಡ್ ಮಾಡಲು ಅಳತೆ: ಅರ್ಧ ಲೀಟರ್ ಗಟ್ಟಿ ಹಾಲು, 4 ಮೊಟ್ಟೆಗಳ ಹಳದಿ, 60 ಗ್ರಾಂ ಸಕ್ಕರೆ, ಒಂದೂವರೆ ಟೇಬಲ್ ಚಮಚ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು. ಉಪ್ಪು ಮಾತ್ರ ಬಿಡಬೇಡಿ, ಅದಿಲ್ಲದಿದ್ದರೆ ರುಚಿ ಸಪ್ಪೆ.

ಹಳದಿಗೆ ಸಕ್ಕರೆ ಬಿದ್ದ ತಕ್ಷಣ ಕಲಕಿ. ಹಾಗೇ ಬಿಟ್ಟರೆ ಸಕ್ಕರೆ ತೇವ ಎಳೆದುಕೊಂಡು ಹಳದಿ ಗಟ್ಟಿ ಕಾಳುಕಾಳಾಗುತ್ತದೆ. ಕಾರ್ನ್‌ಫ್ಲೋರನ್ನೂ ಇದಕ್ಕೇ ಸೇರಿಸಿ ಗಂಟಿಲ್ಲದಂತೆ ಕದಡಿ. ಹಾಲು ಆವಿಯಾಡುವಷ್ಟು ಬಿಸಿಯಾದಾಗ ಒಂದೊಂದೇ ಸೌಟು ಹಳದಿಗೆ ಸುರಿಯುತ್ತಾ ಕಲಕುತ್ತಿರಿ. ಇದು ಮಕ್ಕಳು ಖುಷಿಯಿಂದ ಮಾಡುವ ಕೆಲಸ. ಕಲಕಲು ಅವರಿಗೆ ಕೊಡಿ, ಬಿಸಿ ಹಾಲು ನೀವು ಸುರಿಯಿರಿ.

ಎಲ್ಲವನ್ನೂ ದಪ್ಪ ತಳದ ಪಾತ್ರೆಗೆ ಹಾಕಿ, ಸಣ್ಣ ಉರಿಯಲ್ಲಿ ತಳ, ಮೂಲೆ ಬಿಡದೆ ಕೈಯಾಡಿಸಿ. ಗಟ್ಟಿಯಾಯಿತೆಂದು ತಕ್ಷಣ ಇಳಿಸುವುದೇ ಹೆಚ್ಚಿನವರ ತಪ್ಪು. ಹಳದಿಯಲ್ಲಿರುವ ಅಮೈಲೇಸ್ ಎಂಬ ಕಿಣ್ವ ಕಾರ್ನ್‌ಫ್ಲೋರ್‌ನ ಪಿಷ್ಟವನ್ನು ಒಡೆಯುತ್ತದೆ; ಅದು ಪೂರ್ತಿ ನಾಶವಾಗದಿದ್ದರೆ ಫ್ರಿಜ್‌ನಲ್ಲಿಟ್ಟ ಕಸ್ಟರ್ಡ್ ಬೆಳಗಾಗುವಷ್ಟರಲ್ಲಿ ತೆಳುವಾಗಿರುತ್ತದೆ. ಆದ್ದರಿಂದ ದೊಡ್ಡ ಗುಳ್ಳೆಗಳು ಬುಳಕ್ ಎಂದು ಎದ್ದ ಮೇಲೂ ಒಂದು ನಿಮಿಷ ಕುದಿಸಿ. ಪಿಷ್ಟ ಇರುವುದರಿಂದ ಮೊಟ್ಟೆ ಸುಲಭಕ್ಕೆ ಒಡೆಯುವುದಿಲ್ಲ.

ಕಾರ್ನ್‌ಫ್ಲೋರ್ ಹಾಕದವರಿಗೆ ಇದು ಅನ್ವಯಿಸುವುದಿಲ್ಲ. ಅವರು ಕುದಿಸಲೇಬಾರದು, 82 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಬೇಕು. ಮೊಟ್ಟೆ ಒಡೆದು ಕಣ ಕಂಡ ಕೂಡಲೇ ಪಾತ್ರೆಯನ್ನು ತಣ್ಣೀರಲ್ಲಿಟ್ಟು ಕಲಕಿ ಸೋಸಿದರೆ ಬಹುತೇಕ ಉಳಿಯುತ್ತದೆ.

ವೆನಿಲ್ಲಾ ಹಾಕುವುದು ಪಾತ್ರೆ ಇಳಿಸಿದ ಮೇಲೆ. ಕೆನೆ ಕಟ್ಟದಿರಲು ಬೆಣ್ಣೆ ಸವರಿದ ಕಾಗದವನ್ನು ಕಸ್ಟರ್ಡ್‌ಗೇ ತಾಗುವಂತೆ ಮುಚ್ಚಿ.