ಹುಬ್ಬಳ್ಳಿ ಸ್ಟೇಶನ್ನಿನಿಂದ ದಿನಾ ಓಡಾಡುವವರಿಗೆ: ಟಿಕೆಟ್, ಪಾಸು, ಪ್ಲಾಟ್‌ಫಾರ್ಮ್

ಹುಬ್ಬಳ್ಳಿಯಿಂದ ಧಾರವಾಡಕ್ಕೆ ರೈಲಿನ ಜನರಲ್ ಟಿಕೆಟ್ ಎಷ್ಟು? 10 ರೂಪಾಯಿ ಎಂದವರೂ ಸರಿ, 30 ಎಂದವರೂ ಸರಿ, 45 ಎಂದವರೂ ಸರಿ. ಪ್ಯಾಸೆಂಜರ್ ಗಾಡಿಗೆ ಕನಿಷ್ಠ ದರ 10, ಎಕ್ಸ್‌ಪ್ರೆಸ್‌ಗೆ 30, ಸೂಪರ್‌ಫಾಸ್ಟ್ ಆದರೆ ಅದರ ಮೇಲೆ ಇನ್ನೂ 15. ದೂರ ಅದೇ 20 ಕಿ.ಮೀ., ಹಳಿಯೂ ಅದೇ. ಗಾಡಿಯ ಜಾತಿ ಮಾತ್ರ ಬೇರೆ. ಕೈಯಲ್ಲಿ ಟಿಕೆಟ್ ಇದ್ದೂ ದಂಡ ಕಟ್ಟುವ ಪ್ರಸಂಗ ಬರುವುದು ಸಾಮಾನ್ಯವಾಗಿ ಈ ಕಾರಣಕ್ಕೇ. ಆದ್ದರಿಂದ ಟಿಕೆಟ್ ತೆಗೆಯುವ ಮೊದಲು ಗಾಡಿ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು.

ಮೊದಲು ಗಾಡಿ ನಂಬರ್ ಓದಿ

ಐದಂಕಿಯ ನಂಬರಿನ ಮೊದಲ ಅಂಕಿ ನೋಡಿ. 5, 6 ಅಥವಾ 7ರಿಂದ ಶುರುವಾದರೆ ಪ್ಯಾಸೆಂಜರ್, ಮೆಮು ಅಥವಾ ಡೆಮು (ಕರೆಂಟಿನ ಮತ್ತು ಡೀಸೆಲ್ಲಿನ ಹತ್ತಿರದೂರಿನ ಗಾಡಿಗಳು); ‘ಆರ್ಡಿನರಿ’ ಟಿಕೆಟ್ ಸಾಕು. 16, 17 ಎಂದಿದ್ದರೆ ಎಕ್ಸ್‌ಪ್ರೆಸ್. 12, 20, 22 ಎಂದಿದ್ದರೆ ಸೂಪರ್‌ಫಾಸ್ಟ್. ಸೊನ್ನೆಯಿಂದ ಶುರುವಾದರೆ ಅದು ಸ್ಪೆಷಲ್. ಅದಕ್ಕೆ ಯಾವ ದರ ಎಂದು ಕೌಂಟರಿನಲ್ಲಿ ಕೇಳಿಯೇ ತೆಗೆಯಬೇಕು. ಹೆಚ್ಚಿನ ದರ್ಜೆಯ ಟಿಕೆಟ್ ಇಟ್ಟುಕೊಂಡು ಪ್ಯಾಸೆಂಜರ್ ಹತ್ತಿದರೆ ತೊಂದರೆಯಿಲ್ಲ, ಹಣ ಹೆಚ್ಚು ಹೋಯಿತು ಅಷ್ಟೇ. ಉಲ್ಟಾ ಆದರೆ ವ್ಯತ್ಯಾಸದ ಹಣವನ್ನೂ ದಂಡವನ್ನೂ ಕೂಡಿಸಿ ಕಟ್ಟಬೇಕು. ಟಿಕೆಟ್ಟೇ ಇಲ್ಲದಿದ್ದರೆ ಪ್ರಯಾಣದ ದರದ ಮೇಲೆ ದಂಡ ಕನಿಷ್ಠ 250 ರೂಪಾಯಿ.

ಇನ್ನೊಂದು ಮಾತು: ಧಾರವಾಡಕ್ಕೆ ಹೋಗುವ ವಂದೇ ಭಾರತ್‌ನಲ್ಲಿ ಜನರಲ್ ಬೋಗಿಯೇ ಇಲ್ಲ. ‘ಬರೇ ಇಪ್ಪತ್ತು ನಿಮಿಷದ ದಾರಿ’ ಎಂದು ಹತ್ತುವ ಹಾಗಿಲ್ಲ.

ಟಿಕೆಟ್ ತೆಗೆಯುವ ಮೂರು ದಾರಿ

ಕೌಂಟರು ಎಲ್ಲರಿಗೂ ಗೊತ್ತು. ಪಕ್ಕದಲ್ಲೇ ಇರುವ ಟಿಕೆಟ್ ಮಶಿನ್ನಿನಲ್ಲಿ ಊರು ಆರಿಸಿ, ಗಾಡಿಯ ಬಗೆ ಆರಿಸಿ, ಪರದೆಯ ಮೇಲೆ ಬರುವ ಕ್ಯೂಆರ್ ಕೋಡ್‌ಗೆ ಯುಪಿಐನಿಂದ ಹಣ ಹಾಕಿದರೆ ಚೀಟಿ ಹೊರಗೆ ಬರುತ್ತದೆ. ಅವಸರದಲ್ಲಿ ಜನ ತಪ್ಪುವುದು ‘ಗಾಡಿಯ ಬಗೆ’ ಎಂಬ ಗುಂಡಿಯಲ್ಲಿ. ಮೊದಲೇ ಆರಿಸಿಟ್ಟದ್ದನ್ನೇ ಒತ್ತಿ ಮುಂದೆ ಹೋಗುತ್ತಾರೆ.

ಮೂರನೆಯದು ಮೊಬೈಲು. 2025ರ ಜುಲೈನಲ್ಲಿ ಬಂದ ರೈಲ್‌ಒನ್ ಆ್ಯಪ್‌ನಲ್ಲಿ ಜನರಲ್ ಟಿಕೆಟ್, ಪ್ಲಾಟ್‌ಫಾರ್ಮ್ ಟಿಕೆಟ್, ರಿಸರ್ವೇಶನ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಇದರಲ್ಲಿ ತಿಳಿದಿರಬೇಕಾದ ಕಟ್ಟುಪಾಡು ಮೂರು. ಒಂದು, ಹಳಿಯ ಪಕ್ಕ ಅಥವಾ ಗಾಡಿಯೊಳಗೆ ನಿಂತು ಟಿಕೆಟ್ ತೆಗೆಯಲಾಗದು. ಟಿಸಿ ಬರುವುದನ್ನು ಕಂಡ ಮೇಲೆ ಟಿಕೆಟ್ ತೆಗೆಯುವವರನ್ನು ತಡೆಯಲು ಜಿಪಿಎಸ್ ನೋಡಿ ಆ್ಯಪ್ ನಿರಾಕರಿಸುತ್ತದೆ. ಸ್ಟೇಶನ್ನಿಗೆ ಬರುವ ಆಟೊದಲ್ಲೇ ತೆಗೆದುಬಿಡಿ, ಇಲ್ಲವೇ ಸ್ಟೇಶನ್ ಗೋಡೆಗೆ ಅಂಟಿಸಿರುವ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ತೆಗೆಯಿರಿ. ಎರಡು, ಪೇಪರ್‌ಲೆಸ್ ಟಿಕೆಟನ್ನು ಆ್ಯಪ್ ತೆರೆದೇ ತೋರಿಸಬೇಕು, ಸ್ಕ್ರೀನ್‌ಶಾಟ್ ನಡೆಯುವುದಿಲ್ಲ; ಚಾರ್ಜ್ ಮುಗಿದ ಫೋನು ಅಂದರೆ ಟಿಕೆಟ್ ಇಲ್ಲದ ಪ್ರಯಾಣಿಕ. ಮೂರು, ‘ಪೇಪರ್’ ಎಂದು ಆರಿಸಿದ್ದರೆ ಮಶಿನ್ನಿನಲ್ಲೋ ಕೌಂಟರಿನಲ್ಲೋ ಮುದ್ರಿಸಿಕೊಳ್ಳಲೇಬೇಕು.

ಆ್ಯಪಿನ ಜನರಲ್ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ ಪ್ರಯಾಣ ಶುರುವಾಗಬೇಕು. ಬೆಳಗ್ಗೆ ತೆಗೆದು ಸಂಜೆ ಹತ್ತಲು ಆಗದು. ಪೇಪರ್‌ಲೆಸ್ ಟಿಕೆಟ್ ರದ್ದು ಮಾಡಲು ಬರುವುದಿಲ್ಲ; ಕೌಂಟರಿನ ಟಿಕೆಟ್ ರದ್ದು ಮಾಡಿದರೂ 30 ರೂಪಾಯಿ ಕಡಿತ. ಹಾಗಾಗಿ ಧಾರವಾಡದ ಟಿಕೆಟ್ ರದ್ದು ಮಾಡಲು ಸಾಲಿನಲ್ಲಿ ನಿಲ್ಲುವುದು ವ್ಯರ್ಥ.

ಪಾಸು

ವಾರಕ್ಕೆ ನಾಲ್ಕೈದು ದಿನ ಓಡಾಡುವವರು ಬಿಡಿ ಟಿಕೆಟ್ ತೆಗೆಯುವುದು ದುಂದು. ತಿಂಗಳ ಪಾಸು 150 ಕಿ.ಮೀ.ವರೆಗೆ ಸಿಗುತ್ತದೆ; ಗದಗ, ಹಾವೇರಿ, ರಾಣೆಬೆನ್ನೂರು ಎಲ್ಲವೂ ಅದರೊಳಗೇ ಬರುತ್ತವೆ. ಮೂರು ತಿಂಗಳ ಪಾಸಿನ ದರ ತಿಂಗಳ ಪಾಸಿನ 2.7 ಪಟ್ಟು, ಅಂದರೆ ಮೂರು ಬಾರಿ ಬಿಡಿಯಾಗಿ ತೆಗೆಯುವುದಕ್ಕಿಂತ ಅಗ್ಗ.

ಮೊದಲ ಸಲ ಕೌಂಟರಿಗೆ ಫೋಟೊ ಮತ್ತು ವಿಳಾಸದ ದಾಖಲೆ ಒಯ್ಯಿರಿ. ಅವರು ಕೊಡುವ ಗುರುತಿನ ಚೀಟಿಯ ನಂಬರ್ ಪಾಸಿನ ಮೇಲೆ ಇರಲೇಬೇಕು; ಎರಡೂ ಜೊತೆಗಿಲ್ಲದಿದ್ದರೆ ಪಾಸಿಗೆ ಬೆಲೆಯಿಲ್ಲ. ನವೀಕರಣವನ್ನು ಅವಧಿ ಮುಗಿಯುವ 10 ದಿನ ಮೊದಲೇ ಮಾಡಬಹುದು. ಮೊಬೈಲಿನಲ್ಲಿ ತೆಗೆದ ಪಾಸು ಮರುದಿನದಿಂದ ಜಾರಿ, ಆದ್ದರಿಂದ ಸೋಮವಾರ ಬೆಳಗ್ಗೆ ಪ್ಲಾಟ್‌ಫಾರ್ಮಿನಲ್ಲಿ ನಿಂತು ತೆಗೆದರೆ ಆ ದಿನಕ್ಕೆ ಉಪಯೋಗವಿಲ್ಲ. ಪಾಸು ಕಳೆದರೆ ಹಣ ವಾಪಸ್ ಬರುವುದಿಲ್ಲ.

ಪದವಿವರೆಗಿನ ವಿದ್ಯಾರ್ಥಿನಿಯರಿಗೆ, 12ನೇ ತರಗತಿವರೆಗಿನ ಹುಡುಗರಿಗೆ ಮನೆ ಮತ್ತು ಶಾಲೆ-ಕಾಲೇಜಿನ ನಡುವೆ ಸೆಕೆಂಡ್ ಕ್ಲಾಸ್ ತಿಂಗಳ ಪಾಸು ಉಚಿತ. ಶಾಲೆ ಅಥವಾ ಕಾಲೇಜಿನಿಂದ ನಿಗದಿತ ನಮೂನೆಯ ಪತ್ರ ತರಬೇಕು. ಅಣ್ಣಿಗೇರಿ, ಕುಂದಗೋಳದ ಕಡೆಯಿಂದ ಹುಬ್ಬಳ್ಳಿ ಕಾಲೇಜಿಗೆ ಬರುವವರ ಮನೆಗಳಲ್ಲಿ ಇದು ಗೊತ್ತಿರಬೇಕಾದ ಸೌಲಭ್ಯ.

ಪಾಸಿನವರು ಎಡವುವ ಜಾಗ ಎರಡು. ರಿಸರ್ವೇಶನ್ ಬೋಗಿಯಲ್ಲಿ ಪಾಸು ನಡೆಯುವುದಿಲ್ಲ, ಸೀಟು ಖಾಲಿ ಇದ್ದರೂ. ಸೂಪರ್‌ಫಾಸ್ಟ್ ಹತ್ತಬೇಕಾದರೆ ಪೂರಕ ಶುಲ್ಕ ಕಟ್ಟಿರಬೇಕು. ‘ಪಾಸ್ ಐತ್ರೀ ಸರ್’ ಎಂದರೆ ‘ಪಾಸ್ ಐತಿ ಖರೆ, ಗಾಡಿ ಸೂಪರ್‌ಫಾಸ್ಟ್ ಐತಲ್ರೀ’ ಎಂದು ಟಿಸಿ ರಸೀದಿ ಪುಸ್ತಕ ತೆಗೆಯುವುದು ಇದಕ್ಕೇ.

ಸ್ಟೇಶನ್ ಇಷ್ಟು ದೊಡ್ಡದಾದದ್ದು ಹೇಗೆ

1876–78ರ ಬರಗಾಲದ ನಂತರ ಈ ಭಾಗಕ್ಕೆ ರೈಲು ಬೇಕೇಬೇಕು ಎಂದಾಯಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ ಮೀಟರ್‌ಗೇಜ್ ಹಳಿ ಹಾಕುತ್ತ ಬಂತು, ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಕಟ್ಟಿತು. 1908ರಲ್ಲಿ ಅದು ಮದ್ರಾಸ್ ರೈಲ್ವೆಯೊಡನೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೈಲ್ವೆ. 2003ರಲ್ಲಿ ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಯಿತು. 2020ರಲ್ಲಿ ಸ್ಟೇಶನ್ನಿಗೆ ಶ್ರೀ ಸಿದ್ಧಾರೂಢ ಸ್ವಾಮೀಜಿಯವರ ಹೆಸರು ಬಂತು. ಟಿಕೆಟ್ಟಿನ ಮೇಲೆ ಕೋಡ್ ಇನ್ನೂ ಯುಬಿಎಲ್.

ಪ್ರಯಾಣಿಕರಿಗೆ ಈ ಇತಿಹಾಸಕ್ಕಿಂತ ಮುಖ್ಯವಾದದ್ದು ಹಳಿಗಳ ಜೋಡಣೆ. ಒಂದು ತುದಿಯಿಂದ ಧಾರವಾಡದ ಕಡೆ, ಇನ್ನೊಂದು ತುದಿಯಿಂದ ಗದಗ ಮತ್ತು ಹಾವೇರಿ ಎರಡೂ ಕಡೆ. ಹಾವೇರಿಯಿಂದ ಬಂದು ಇಲ್ಲಿ ನಿಂತು ಗದಗಿಗೆ ಹೋಗುವ ಗಾಡಿಗೆ ಎಂಜಿನ್ ಮುಂದಿನಿಂದ ಬಿಚ್ಚಿ ಹಿಂದೆ ಹಾಕಬೇಕಾಗುತ್ತದೆ. ಹಾವೇರಿಯಲ್ಲಿ ಎಂಜಿನ್ನಿನ ಹಿಂದೆಯೇ ಇದ್ದ ಜನರಲ್ ಬೋಗಿ ಗದಗ ಮುಟ್ಟುವಾಗ ಬಾಲದಲ್ಲಿರುತ್ತದೆ. ನಿಮ್ಮನ್ನು ಕರೆದುಕೊಂಡು ಹೋಗಲು ಬಂದವರು ಪ್ಲಾಟ್‌ಫಾರ್ಮಿನ ತಪ್ಪು ತುದಿಯಲ್ಲಿ ಕಾಯುವುದು ಇದರಿಂದ.

ಎಂಟನೇ ಪ್ಲಾಟ್‌ಫಾರ್ಮ್

2023ರ ಮಾರ್ಚ್ 12ರಂದು ಉದ್ಘಾಟನೆಯಾದ ಇದರ ಉದ್ದ 1,507 ಮೀಟರ್. ಅಲ್ಲಿಯವರೆಗೆ ಗೋರಖಪುರದ 1,366 ಮೀಟರಿನದು ಜಗತ್ತಿನಲ್ಲಿ ಅತಿ ಉದ್ದ ಎನಿಸಿತ್ತು. ದಾಖಲೆಗಾಗಿ ಕಟ್ಟಿದ್ದಲ್ಲ: ಎಲ್‌ಎಚ್‌ಬಿ ಎಂಬ ಹೊಸ ಮಾದರಿಯ 24 ಬೋಗಿಗಳ ಗಾಡಿ ಸುಮಾರು 565 ಮೀಟರ್, ಅಂಥ ಎರಡು ಗಾಡಿ ಒಂದರ ಹಿಂದೊಂದು ನಿಲ್ಲಬಹುದು, ಎರಡು ತುದಿಯಿಂದಲೂ ಗಾಡಿ ಬಿಡಬಹುದು. ಆದರೆ ‘ಎಂಟನೇ ಪ್ಲಾಟ್‌ಫಾರ್ಮ್’ ಎಂದಷ್ಟೇ ಕೇಳಿಸಿಕೊಂಡು ಓಡಿದವರು ಬೇರೆ ಗಾಡಿಯ ಮುಂದೆ ನಿಂತಿರುತ್ತಾರೆ. ಒಂದು ತುದಿಯಿಂದ ಇನ್ನೊಂದಕ್ಕೆ ನಡೆಯಲು ಹತ್ತಿರ ಹತ್ತಿರ 20 ನಿಮಿಷ ಬೇಕು. ಬ್ಯಾಗು, ಮಕ್ಕಳು, ವಯಸ್ಸಾದವರು ಇದ್ದರೆ ಇನ್ನೂ ಹೆಚ್ಚು. ಅನೌನ್ಸ್‌ಮೆಂಟಿನಲ್ಲಿ ಯಾವ ಕಡೆ ಎನ್ನುವುದನ್ನೂ ಕೇಳಿ, ಮೇಲೆ ತೂಗುಹಾಕಿರುವ ಬೋಗಿ ಸೂಚಕ ಫಲಕ ನೋಡಿ, ಬೋಗಿಯ ಪಕ್ಕದ ಗಾಡಿ ನಂಬರ್ ಓದಿ ಹತ್ತಿ. ಜನರಲ್ ಬೋಗಿಗಳು ಹೆಚ್ಚಾಗಿ ಎರಡು ತುದಿಗಳಲ್ಲಿರುತ್ತವೆ. ನಡುವೆ ನಿಂತವರಿಗೆ ಕೊನೆಗಳಿಗೆಯಲ್ಲಿ ಓಟವೇ ಗತಿ.

ಉಳಿದ ಸೌಲಭ್ಯ ಬೇಗ ಹೇಳಿಬಿಡಬಹುದು. ಕ್ಲೋಕ್‌ರೂಮಿನಲ್ಲಿ ಬೀಗ ಹಾಕಿದ ಸಾಮಾನು ಮಾತ್ರ ಇಡುತ್ತಾರೆ, ಟಿಕೆಟ್ ತೋರಿಸಬೇಕು. ರಿಟೈರಿಂಗ್ ರೂಮ್ ಐಆರ್‌ಸಿಟಿಸಿಯಲ್ಲಿ ಪಿಎನ್‌ಆರ್ ಕೊಟ್ಟು ಕಾಯ್ದಿರಿಸಬೇಕು. ಬೀಳ್ಕೊಡಲು ಬಂದವರಿಗೆ ಪ್ಲಾಟ್‌ಫಾರ್ಮ್ ಟಿಕೆಟ್ 10 ರೂಪಾಯಿ, ಎರಡು ತಾಸು. ಸಾಮಾನು ಮರೆತಿರಿ, ಜಗಳವಾಯಿತು, ಆರೋಗ್ಯ ಕೆಟ್ಟಿತು, ಎಲ್ಲಕ್ಕೂ ರೈಲ್ವೆ ಸಹಾಯವಾಣಿ 139.

ಬಸ್ಸೋ ರೈಲೋ

ಧಾರವಾಡಕ್ಕೆ ಮಾತ್ರ ಹೋಗುವವರಿಗೆ ಪ್ರತ್ಯೇಕ ದಾರಿಯಲ್ಲಿ ಓಡುವ ಚಿಗರಿ ಬಸ್ಸೇ ಮೇಲು, ಗಾಡಿಗಾಗಿ ಕಾಯುವ ಹೊತ್ತು ಉಳಿಯುತ್ತದೆ. ಉಣಕಲ್, ಅಮರಗೋಳ, ನವಲೂರಿನಲ್ಲಿ ಇಳಿಯುವವರಂತೂ ಗಾಡಿ ನಿಲ್ಲುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು. ಎಕ್ಸ್‌ಪ್ರೆಸ್‌ಗಳು ಅಲ್ಲಿ ನಿಲ್ಲುವ ಭರವಸೆ ಇಟ್ಟುಕೊಳ್ಳಬೇಡಿ. ಗದಗ, ಹಾವೇರಿ, ಬ್ಯಾಡಗಿಗೆ ರೈಲಿನಷ್ಟು ಅಗ್ಗ ಬೇರೆ ಇಲ್ಲ. ಹೊರಡುವ ಮುಂಚೆ ರೈಲ್ವೆಯ ಎನ್‌ಟಿಇಎಸ್ ಆ್ಯಪ್‌ನಲ್ಲಿ ಗಾಡಿ ಎಲ್ಲಿದೆ ಎಂದು ನೋಡಿ. ಎಕ್ಸ್‌ಪ್ರೆಸ್‌ಗೆ ದಾರಿ ಬಿಡಲು ಪ್ಯಾಸೆಂಜರನ್ನು ನಡುವಿನ ಸ್ಟೇಶನ್ನಿನಲ್ಲಿ ನಿಲ್ಲಿಸುವುದುಂಟು, ಅದು ವೇಳಾಪಟ್ಟಿಯಲ್ಲಿ ಕಾಣುವುದಿಲ್ಲ. ಸಂಜೆ ಹಿಂದಿರುಗುವ ಪ್ಯಾಸೆಂಜರ್ ತಡವಾಗಿದ್ದು ಹಿಂದೆ ಬರುವ ಎಕ್ಸ್‌ಪ್ರೆಸ್ ಹತ್ತುವ ಮನಸ್ಸಾದರೆ, ಆರ್ಡಿನರಿ ಟಿಕೆಟ್ ಹಿಡಿದು ಹತ್ತಬೇಡಿ. ಮೊದಲು ಕೌಂಟರಿಗೆ ಹೋಗಿ ಎಕ್ಸ್‌ಪ್ರೆಸ್ ಟಿಕೆಟ್ ತೆಗೆಯಿರಿ.